ತುಂಡಾದ ಹಗ್ಗ: ಪರ್ವತಾರೋಹಿ ಎಡ್ವರ್ಡ್ ವಿಂಪರನ ಜೀವನ

ಬಾವಿಯಿಂದ ನೀರು ಸೇದಿ ಬೆಳೆದವರಿಗೆ ಹಗ್ಗದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಟೆಯಲ್ಲಿ ಉಜ್ಜಿ ಒಂದೆರಡು ಎಳೆ ಕಡಿದುದು ಕಂಡರೆ ಸಾಕು, ಮನೆಯ ಹಿರಿಯರು ಹಗ್ಗ ಬದಲಾಯಿಸಿಬಿಡುತ್ತಾರೆ. ಹಳೆಯ ಹಗ್ಗ ಕರು ಕಟ್ಟುವುದಕ್ಕೋ ಸೌದೆ ಬಿಗಿಯುವುದಕ್ಕೋ ಹೋಗುತ್ತದೆ. ಕೊಡಪಾನ ಬಾವಿಗೆ ಬಿದ್ದರೆ ಪಾತಾಳಗರಡಿ ಇಳಿಸಿ ಎತ್ತಬಹುದು. ಆದರೆ ಹಗ್ಗದ ತುದಿಯಲ್ಲಿರುವುದು ಮನುಷ್ಯನಾದರೆ? ಈ ಪ್ರಶ್ನೆಯನ್ನು ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಎದುರಿಸಿ, ಎಪ್ಪತ್ತೊಂದನೆಯ ವಯಸ್ಸಿನವರೆಗೂ ಹೊತ್ತುಕೊಂಡು ಬದುಕಿದವನು ಎಡ್ವರ್ಡ್ ವಿಂಪರ್. ಬೆಟ್ಟ ಹತ್ತುವ ಹವ್ಯಾಸ ನಮ್ಮ ತರುಣರಲ್ಲಿಯೂ ಹೆಚ್ಚುತ್ತಿರುವಾಗ ಈತನ ಕಥೆಯನ್ನು ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಚಿತ್ರ ಬರೆಯಲು ಹೋದ ಹುಡುಗ

ವಿಂಪರನು ಹುಟ್ಟಿದ್ದು 1840ನೇ ಇಸವಿ ಏಪ್ರಿಲ್ 27ರಂದು, ಲಂಡನ್ನಿನಲ್ಲಿ. ಹನ್ನೊಂದು ಮಂದಿ ಮಕ್ಕಳಿದ್ದ ಕುಟುಂಬದಲ್ಲಿ ಇವನು ಎರಡನೆಯವನು. ತಂದೆ ಮರದ ಅಚ್ಚು ಕೊರೆಯುವ ಕಸುಬಿನವರು. ಛಾಯಾಚಿತ್ರಗಳನ್ನು ಪುಸ್ತಕಗಳಲ್ಲಿ ಮುದ್ರಿಸುವ ವಿಧಾನ ಇನ್ನೂ ಬಂದಿರದ ಆ ಕಾಲದಲ್ಲಿ, ಪುಸ್ತಕದ ಚಿತ್ರಗಳನ್ನು ಮರದ ಹಲಗೆಯ ಮೇಲೆ ಸೂಕ್ಷ್ಮವಾಗಿ ಕೊರೆದು ಅಚ್ಚೊತ್ತುತ್ತಿದ್ದರು. ಎಡ್ವರ್ಡನು ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ತಂದೆಯ ಕೈಕೆಳಗೆ ಕೆಲಸ ಕಲಿಯತೊಡಗಿದ. ಗೆರೆ ತಪ್ಪಿದರೆ ಹಲಗೆಯೇ ಹಾಳು. ಹೀಗೆ ತಾಳ್ಮೆಯೂ ಸಣ್ಣ ವಿವರಗಳನ್ನು ಬಿಡದೆ ಗಮನಿಸುವ ಕಣ್ಣೂ ಅವನಿಗೆ ಕಸುಬಿನಿಂದಲೇ ಬಂದವು.

1860ರಲ್ಲಿ ಲಂಡನ್ನಿನ ಪ್ರಕಾಶಕ ಲಾಂಗ್‌ಮನ್ ಎಂಬವರು ಆಲ್ಪ್ಸ್ ಪರ್ವತಗಳ ಚಿತ್ರ ಬರೆದು ತರಲು ಅವನನ್ನು ಕಳುಹಿಸಿದರು. ಅದುವರೆಗೆ ಹಿಮದ ಬೆಟ್ಟವನ್ನೇ ಕಾಣದ ಇಪ್ಪತ್ತರ ತರುಣನು ಪೆನ್ಸಿಲು, ಕಾಗದ ಹಿಡಿದು ಹೋದ; ಹಿಂದಿರುಗುವಾಗ ಬೆಟ್ಟದ ಹುಚ್ಚು ಹಿಡಿಸಿಕೊಂಡು ಬಂದ. ಮರುವರ್ಷವೇ ಫ್ರಾನ್ಸಿನ ಪೆಲ್ವೂ ಪರ್ವತವನ್ನು ಏರಿದ. 1864ರಲ್ಲಿ ಅದೇ ಪ್ರದೇಶದ ಅತ್ಯುನ್ನತ ಶಿಖರ ಎಕ್ರಿನ್ಸನ್ನು ಮೊದಲು ಏರಿದ ತಂಡದಲ್ಲಿಯೂ ಅವನಿದ್ದ. ಆದರೆ ಅವನ ಕಣ್ಣು ನೆಟ್ಟದ್ದು ಬೇರೆಲ್ಲಿಯೋ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳ ಗಡಿಯಲ್ಲಿ, ಗೋಪುರದಂತೆ ಒಂಟಿಯಾಗಿ ನಿಂತ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು ಅದುವರೆಗೆ ಯಾರೂ ಏರಿರಲಿಲ್ಲ. ಅದನ್ನು ಏರುವುದು ಅಸಾಧ್ಯವೆಂದೇ ಸುತ್ತಲಿನ ಹಳ್ಳಿಗರ ನಂಬಿಕೆಯಾಗಿತ್ತು.

ಸೋಲುಗಳ ಪಾಠ

1861ರಿಂದ ಇಟಲಿಯ ಕಡೆಯಿಂದ ವಿಂಪರ್ ಮತ್ತೆ ಮತ್ತೆ ಪ್ರಯತ್ನಿಸಿದ. ಏಳೆಂಟು ಬಾರಿ ಸೋತು ಇಳಿದ. ಇಂತಹ ಹೊತ್ತಿನಲ್ಲಿ ಬೇರೆಯವರಾದರೆ ಬೆಟ್ಟವನ್ನೋ ಗ್ರಹಚಾರವನ್ನೋ ದೂರುತ್ತಿದ್ದರು. ವಿಂಪರನು ತನ್ನ ಸಾಮಾನುಗಳನ್ನು ಪರೀಕ್ಷಿಸತೊಡಗಿದ.

ಮೊದಲು ಡೇರೆ. ಎತ್ತರದಲ್ಲಿ ರಾತ್ರಿ ಕಳೆಯದೆ ಶಿಖರ ಮುಟ್ಟಲಾಗದು; ಆದರೆ ಆ ಕಾಲದ ಡೇರೆಗಳು ಗಾಳಿಗೆ ನಿಲ್ಲುತ್ತಿರಲಿಲ್ಲ. ಅವನು ತಾನೇ ಒಂದನ್ನು ಯೋಜಿಸಿದ. ಸುಮಾರು ಆರಡಿ ಚೌಕದ ನೆಲ, ಎರಡೂ ತುದಿಗಳಲ್ಲಿ ಕತ್ತರಿಯಂತೆ ಜೋಡಿಸಿದ ಎರಡೆರಡು ಕೋಲುಗಳು, ಮೇಲೆ ಹಗ್ಗವೇ ಮಾಡಿನ ಮೋಪು. ಮುಖ್ಯವಾದ ಉಪಾಯವೆಂದರೆ ನೆಲದ ಬಟ್ಟೆಯನ್ನು ಗೋಡೆಗೆ ಸೇರಿಸಿ ಹೊಲಿದದ್ದು. ಕೆಳಗಿನಿಂದ ಗಾಳಿ ನುಗ್ಗುವಂತಿಲ್ಲ, ತೇವ ಏರುವಂತಿಲ್ಲ, ಒಳಗೆ ಮಲಗಿದವರ ಭಾರವೇ ಡೇರೆಯನ್ನು ಹಿಡಿದಿಡುತ್ತದೆ. ಒಟ್ಟು ತೂಕ ಹತ್ತು ಕಿಲೋಗಿಂತ ತುಸು ಹೆಚ್ಚು. ಮೂರು ನಾಲ್ಕು ಜನ ಮಲಗಬಹುದು. ಲ್ಯೂಕ್ ಮೇನೆ ಎಂಬ ಗೂನುಬೆನ್ನಿನ ಬಡ ಕೂಲಿಯಾಳು ಈ ಡೇರೆಯನ್ನು ಬೆನ್ನ ಮೇಲೆ ಹೊತ್ತು, ಬೇರೆಯವರು ಹೆದರುವ ಬಂಡೆಗಳನ್ನು ನಗುನಗುತ್ತ ಏರುತ್ತಿದ್ದ. ವಿಂಪರ್ ಡೇರೆ ಎಂದೇ ಹೆಸರಾದ ಇದು 1920ರ ದಶಕದ ಎವರೆಸ್ಟ್ ಯಾತ್ರೆಗಳವರೆಗೂ ಬಳಕೆಯಲ್ಲಿತ್ತು.

ಮತ್ತೊಂದು, ಹಗ್ಗದ ತುದಿಗೆ ಹೊಸೆದು ಸೇರಿಸಿದ ಕಬ್ಬಿಣದ ಉಂಗುರ. ಕಡಿದಾದ ಬಂಡೆಯಿಂದ ಕೊನೆಯವನು ಇಳಿಯುವಾಗ ಅವನನ್ನು ಮೇಲಿನಿಂದ ಹಿಡಿದುಕೊಳ್ಳಲು ಯಾರೂ ಇರುವುದಿಲ್ಲ. ಹಗ್ಗವನ್ನು ಉಂಗುರದೊಳಗೆ ತೂರಿಸಿ ಬಂಡೆಯ ಕೊಂಬಿಗೆ ಕುಣಿಕೆ ಹಾಕಿ, ಅದನ್ನು ಹಿಡಿದು ಇಳಿದು, ಅನಂತರ ಉಂಗುರಕ್ಕೆ ಕಟ್ಟಿದ ಸಣ್ಣ ದಾರವನ್ನು ಕೆಳಗಿನಿಂದ ಎಳೆದರೆ ಕುಣಿಕೆ ಸಡಿಲಾಗಿ ಹಗ್ಗವೂ ಕೈಗೆ ಬರುತ್ತದೆ. ಸರಳ ಉಪಾಯ, ಆದರೆ ಎಷ್ಟೋ ಪ್ರಾಣ ಉಳಿಸುವಂಥದು.

ಇಷ್ಟೆಲ್ಲ ಜಾಗ್ರತೆಯವನೂ ತಪ್ಪಲಿಲ್ಲವೆಂದಲ್ಲ. 1862ರ ಜುಲೈಯಲ್ಲಿ ಅವನು ಒಬ್ಬಂಟಿಯಾಗಿ ಮೇಲೇರಿ, ಇಳಿಯುವಾಗ ಹಿಮದ ಇಳಿಜಾರಿನ ಒಂದು ಮೂಲೆಯಲ್ಲಿ ಕಾಲು ಜಾರಿದ. ಬಂಡೆಯಿಂದ ಬಂಡೆಗೆ ಅಪ್ಪಳಿಸುತ್ತ ಸುಮಾರು ಇನ್ನೂರು ಅಡಿ ಉರುಳಿ, ದೊಡ್ಡ ಪ್ರಪಾತದ ಅಂಚಿನಲ್ಲಿ ತಡೆದು ನಿಂತ. ಮೈಯೆಲ್ಲ ಗಾಯ. ತಲೆಯಿಂದ ಸುರಿಯುವ ರಕ್ತಕ್ಕೆ ಹಿಮದ ಮುದ್ದೆ ಒತ್ತಿ ಹಿಡಿದು, ಹೇಗೋ ಸುರಕ್ಷಿತ ಜಾಗಕ್ಕೆ ಸರಿದು ಪ್ರಜ್ಞೆ ತಪ್ಪಿದ. ಎಚ್ಚರವಾದಾಗ ಸೂರ್ಯ ಮುಳುಗುತ್ತಿದ್ದ. ಕತ್ತಲಲ್ಲೇ ಊರು ಸೇರಿದ. ಒಂಟಿಯಾಗಿ ಹೋಗಬಾರದೆಂಬ ಪಾಠ ಕಲಿಯಲು ಇದಕ್ಕಿಂತ ಹೆಚ್ಚಿನದೇನು ಬೇಕು? ಆದರೆ ಕೆಲವೇ ದಿನಗಳಲ್ಲಿ ಅವನು ಮತ್ತೆ ಅದೇ ಬೆಟ್ಟದ ಮೇಲಿದ್ದ.

1865ರ ಜುಲೈ 14

ಇಟಲಿಯ ಕಡೆಯ ಹಳ್ಳಿಯಲ್ಲಿ ಜಾನ್ ಅಂತ್ವಾನ್ ಕರೆಲ್ ಎಂಬ ಮಾರ್ಗದರ್ಶಿಯಿದ್ದ. ಹಿಂದೆ ಸೈನಿಕನಾಗಿದ್ದವನು, ಮಹಾ ಅಭಿಮಾನಿ. ತನ್ನ ಊರಿನ ಬೆಟ್ಟವನ್ನು ತನ್ನ ದೇಶದವರೇ ಮೊದಲು ಏರಬೇಕೆಂಬ ಹಟ ಅವನದು. ಕೆಲವೊಮ್ಮೆ ವಿಂಪರನೊಂದಿಗೆ, ಕೆಲವೊಮ್ಮೆ ವಿಂಪರನಿಗೆ ಎದುರಾಗಿ ಅವನು ನಡೆದಿದ್ದ. 1865ರ ಜುಲೈಯಲ್ಲಿ ಕರೆಲನು ಇಟಲಿಯವರ ತಂಡದೊಂದಿಗೆ ಸದ್ದಿಲ್ಲದೆ ಹೊರಟುಬಿಟ್ಟಾಗ ವಿಂಪರನಿಗೆ ಮಾರ್ಗದರ್ಶಿಯೇ ಇಲ್ಲದಾಯಿತು. ಅವನು ಅವಸರದಿಂದ ಕಣಿವೆ ದಾಟಿ ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಹಳ್ಳಿಗೆ ಬಂದ.

ಅಲ್ಲಿ ಎರಡೇ ದಿನಗಳಲ್ಲಿ ಒಂದು ತಂಡ ಕೂಡಿತು. ಹದಿನೆಂಟರ ಲಾರ್ಡ್ ಫ್ರಾನ್ಸಿಸ್ ಡಗ್ಲಸ್. ಅನುಭವಿ ಪಾದ್ರಿ ಚಾರ್ಲ್ಸ್ ಹಡ್ಸನ್. ಹಡ್ಸನನ ಜತೆ ಬಂದಿದ್ದ ಹತ್ತೊಂಬತ್ತರ ಡಗ್ಲಸ್ ಹ್ಯಾಡೋ. ಫ್ರಾನ್ಸಿನ ಹೆಸರಾಂತ ಮಾರ್ಗದರ್ಶಿ ಮಿಷೆಲ್ ಕ್ರೋಜ್. ಜೆರ್ಮಾಟಿನ ಪೀಟರ್ ಟೌಗ್ವಾಲ್ಡರ್ ತಂದೆ ಮತ್ತು ಅದೇ ಹೆಸರಿನ ಮಗ. ಹ್ಯಾಡೋಗೆ ಕಠಿಣ ಬೆಟ್ಟಗಳ ಅನುಭವ ಸಾಲದೆಂದು ವಿಂಪರನಿಗೆ ಅನುಮಾನವಿತ್ತು. ಆತ ಮೌಂಟ್ ಬ್ಲಾಂಕ್ ಏರಿದ್ದಾನೆ, ತೊಂದರೆಯಿಲ್ಲ ಎಂಬರ್ಥದ ಭರವಸೆ ಹಡ್ಸನನಿಂದ ಬಂತು. ಕರೆಲನು ಮುಂದೆ ಹೋಗಿದ್ದಾನೆಂಬ ಆತಂಕ ಬೇರೆ. ಹೆಚ್ಚು ವಿಚಾರಿಸಲು ವ್ಯವಧಾನವಿರಲಿಲ್ಲ.

ಜುಲೈ 13ರ ಮುಂಜಾನೆ ಹೊರಟರು. ಕೆಳಗಿನಿಂದ ಭಯಂಕರವಾಗಿ ಕಾಣುತ್ತಿದ್ದ ಸ್ವಿಸ್ ಕಡೆಯ ದಾರಿ ಏರಿದಾಗ ಅಷ್ಟೇನೂ ಕಷ್ಟವಾಗಲಿಲ್ಲ. ಮರುದಿನ ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ಶಿಖರ ಕಾಲ ಕೆಳಗಿತ್ತು. ಇಟಲಿಯ ತಂಡ ಇನ್ನೂ ಬಹಳ ಕೆಳಗಿತ್ತು. ಕೂಗಿ, ಕಲ್ಲುಗಳನ್ನು ಉರುಳಿಸಿ ತಾವು ಗೆದ್ದುದನ್ನು ಅವರಿಗೆ ತಿಳಿಸಿದರು. ಕ್ರೋಜನು ಡೇರೆಯ ಕೋಲಿಗೆ ತನ್ನ ಅಂಗಿಯನ್ನೇ ಕಟ್ಟಿ ಧ್ವಜ ಮಾಡಿದ.

ಒಂದು ಗಂಟೆ ಕಾಲ ಸಂಭ್ರಮಿಸಿ ಇಳಿಯತೊಡಗಿದರು. ಅತ್ಯಂತ ಕಠಿಣವಾದ ಜಾಗದಲ್ಲಿ ಒಂದು ಹಗ್ಗವನ್ನು ಬಂಡೆಗೆ ಬಿಗಿದು ಕೈಯಾಸರೆ ಮಾಡಿಕೊಳ್ಳೋಣವೆಂದು ವಿಂಪರನು ಹಡ್ಸನನಿಗೆ ಸೂಚಿಸಿದ್ದ. ಹಡ್ಸನನೂ ಒಪ್ಪಿದ್ದ. ಆದರೆ ಅದು ಮಾತಿನಲ್ಲೇ ಉಳಿಯಿತು. ಶಿಖರದ ಚಿತ್ರ ಬರೆದುಕೊಳ್ಳಲು, ಎಲ್ಲರ ಹೆಸರು ಬರೆದು ಸೀಸೆಯಲ್ಲಿಡಲು ವಿಂಪರನು ಹಿಂದೆ ಉಳಿದ. ಆ ಹೊತ್ತಿಗೆ ಇತರರು ತಮ್ಮನ್ನು ಹಗ್ಗದಲ್ಲಿ ಕಟ್ಟಿಕೊಂಡಾಗಿತ್ತು. ಮೊದಲು ಕ್ರೋಜ್, ಬಳಿಕ ಹ್ಯಾಡೋ, ಹಡ್ಸನ್, ಡಗ್ಲಸ್, ಹಿರಿಯ ಟೌಗ್ವಾಲ್ಡರ್. ಸ್ವಲ್ಪ ಹೊತ್ತಿನಲ್ಲಿ ಡಗ್ಲಸನ ಕೋರಿಕೆಯಂತೆ ವಿಂಪರನೂ ಕಿರಿಯ ಟೌಗ್ವಾಲ್ಡರನೂ ಅದೇ ಸಾಲಿಗೆ ಸೇರಿಕೊಂಡರು.

ಕ್ರೋಜನು ತನ್ನ ಕೊಡಲಿಯನ್ನು ಬದಿಗಿಟ್ಟು, ಹ್ಯಾಡೋನ ಪಾದಗಳನ್ನು ಒಂದೊಂದಾಗಿ ಹಿಡಿದು ಮೆಟ್ಟಿಲಿಗೆ ಇರಿಸುತ್ತಿದ್ದ. ತಾನು ಒಂದು ಹೆಜ್ಜೆ ಇಳಿಯಲು ಆಚೆ ತಿರುಗುತ್ತಿದ್ದಂತೆ ಹ್ಯಾಡೋ ಜಾರಿ ಅವನ ಮೇಲೆ ಬಿದ್ದ. ಇಬ್ಬರ ಎಳೆತಕ್ಕೆ ಹಡ್ಸನ್, ಅವನ ಹಿಂದೆ ಡಗ್ಲಸ್. ಮೇಲಿದ್ದ ಮೂವರು ಬಂಡೆಯನ್ನು ತಬ್ಬಿ ನಿಂತರು. ಹಗ್ಗ ಬಿಗಿಯಾಯಿತು, ಹಿರಿಯ ಟೌಗ್ವಾಲ್ಡರ್ ಮತ್ತು ಡಗ್ಲಸರ ನಡುವೆ, ಗಾಳಿಯಲ್ಲಿ, ತುಂಡಾಯಿತು. ನಾಲ್ವರೂ ಸುಮಾರು ನಾಲ್ಕು ಸಾವಿರ ಅಡಿ ಕೆಳಗಿನ ಹಿಮನದಿಗೆ ಬಿದ್ದರು.

ಉಳಿದ ಮೂವರು ಅರ್ಧ ಗಂಟೆ ನಿಂತಲ್ಲಿಂದ ಕದಲಲಾರದೆ ಹೋದರು. ಅನಂತರ ವಿಂಪರನು ತುಂಡಾದ ಹಗ್ಗವನ್ನು ಕೈಗೆತ್ತಿಕೊಂಡು ನೋಡಿದ. ಅವನ ಎದೆ ಒಡೆಯಿತು.

ಮೂರು ಹಗ್ಗಗಳು

ಅವರ ಬಳಿ ಮೂರು ಹಗ್ಗಗಳಿದ್ದುವು. ಇನ್ನೂರು ಅಡಿಯ ಗಟ್ಟಿ ಮನಿಲಾ ಹಗ್ಗ ಒಂದು. ಅದಕ್ಕಿಂತಲೂ ದಪ್ಪನೆಯ ನೂರೈವತ್ತು ಅಡಿಯದು ಇನ್ನೊಂದು. ಮೂರನೆಯದು ವಿಂಪರನು ಹಿಂದೆ ಬಳಸುತ್ತಿದ್ದ ಹಳೆಯ, ಹಗುರವಾದ ಹಗ್ಗ. ಈ ಮೂರನೆಯದನ್ನು ತಂದದ್ದು ಬೇಕಾದಲ್ಲಿ ಬಂಡೆಗೆ ಕಟ್ಟಿ ಬಿಟ್ಟುಬರಲು ಮಾತ್ರ, ಮನುಷ್ಯರನ್ನು ಕಟ್ಟಲು ಅಲ್ಲ. ತುಂಡಾದದ್ದು ಅದೇ. ಒಳ್ಳೆಯ ಹಗ್ಗ ಇನ್ನೂರೈವತ್ತು ಅಡಿಯಷ್ಟು ಸುಮ್ಮನೆ ಉಳಿದಿತ್ತು.

ಅದರ ಹಿಂದಿನ ವರ್ಷವಷ್ಟೇ, 1864ರಲ್ಲಿ, ಲಂಡನ್ನಿನ ಆಲ್ಪೈನ್ ಕ್ಲಬ್ಬು ಸಮಿತಿಯೊಂದನ್ನು ನೇಮಿಸಿ, ಭಾರ ಕಟ್ಟಿ ಬೀಳಿಸಿ ಹಗ್ಗಗಳನ್ನು ಪರೀಕ್ಷಿಸಿತ್ತು. ಯಾವ ಹಗ್ಗ ತಡೆಯುತ್ತದೆ, ಯಾವುದು ತಡೆಯದು ಎಂಬ ತಿಳಿವಳಿಕೆ ಇತ್ತು. ಗಟ್ಟಿ ಹಗ್ಗವೂ ಇತ್ತು. ಇಲ್ಲದಿದ್ದದ್ದು, ಹೊರಡುವ ಮೊದಲು ಪ್ರತಿಯೊಂದು ಗಂಟನ್ನೂ ಮುಟ್ಟಿ ನೋಡುವ ಒಂದು ನಿಮಿಷದ ವ್ಯವಧಾನ ಮಾತ್ರ.

ಜೆರ್ಮಾಟಿನಲ್ಲಿ ವಿಚಾರಣೆ ನಡೆಯಿತು. ಯಾರನ್ನೂ ತಪ್ಪಿತಸ್ಥರೆಂದು ಎಣಿಸಲಿಲ್ಲ. ಆದರೆ ಲೋಕದ ಬಾಯಿಗೆ ಬೀಗವೆಲ್ಲಿ? ಹಿರಿಯ ಟೌಗ್ವಾಲ್ಡರನು ತಾನು ಉಳಿಯಲು ಹಗ್ಗ ಕತ್ತರಿಸಿದನೆಂಬ ಅಪವಾದ ಹಬ್ಬಿತು. ಹಗ್ಗ ಕತ್ತರಿಸಿದ್ದಲ್ಲ, ಎಳೆತಕ್ಕೆ ಹರಿದದ್ದು ಎಂದು ವಿಂಪರನೇ ಸ್ಪಷ್ಟಪಡಿಸಿದ. ಆದರೆ ಅದೇ ವಿಂಪರನು, ದುರ್ಬಲ ಹಗ್ಗವನ್ನು ಆರಿಸಿದ್ದು ಏಕೆಂಬ ಸಂಶಯವನ್ನು ಆ ಮುದುಕನ ಮೇಲೆ ಉಳಿಸಿದ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆ ಹಗ್ಗವನ್ನು ಬೆಟ್ಟಕ್ಕೆ ತಂದವನು ವಿಂಪರ್. ಕಟ್ಟುವ ಹೊತ್ತಿಗೆ ಚಿತ್ರ ಬರೆಯುತ್ತ ಹಿಂದೆ ಉಳಿದವನೂ ಅವನೇ. ಮಾರ್ಗದರ್ಶಿಯ ಬದುಕು ಆ ಅಪವಾದದ ನೆರಳಲ್ಲೇ ಮುಗಿಯಿತು. ಡಗ್ಲಸನ ಶವ ಎಂದೂ ಸಿಗಲಿಲ್ಲ. ತುಂಡಾದ ಹಗ್ಗ ಇಂದಿಗೂ ಜೆರ್ಮಾಟಿನ ವಸ್ತುಸಂಗ್ರಹಾಲಯದಲ್ಲಿದೆ.

ಅನಂತರದ ಬದುಕು

ಮ್ಯಾಟರ್‌ಹಾರ್ನ್ ಗೆದ್ದ ಬಳಿಕ ವಿಂಪರನು ಆಲ್ಪ್ಸಿನಲ್ಲಿ ಹೊಸ ಶಿಖರಗಳ ಬೇಟೆಯನ್ನು ಹೆಚ್ಚುಕಡಿಮೆ ಬಿಟ್ಟುಬಿಟ್ಟ. 1867ರಲ್ಲಿಯೂ 1872ರಲ್ಲಿಯೂ ಗ್ರೀನ್‌ಲ್ಯಾಂಡಿಗೆ ಹೋದ. ನಡುವೆ 1871ರಲ್ಲಿ ತನ್ನ ಆಲ್ಪ್ಸ್ ಅನುಭವಗಳ ಪುಸ್ತಕವನ್ನು ತಾನೇ ಕೊರೆದ ಚಿತ್ರಗಳೊಂದಿಗೆ ಪ್ರಕಟಿಸಿದ. ಅದರಲ್ಲಿ ಸಾಹಸದ ವರ್ಣನೆಯಷ್ಟೇ ಹಗ್ಗದ ಸರಿಯಾದ ಬಳಕೆಯ ವಿವರವೂ ಇದೆ. ಜೋಡಿಜೋಡಿಯಾಗಿ ನಡೆಯುವವರ ನಡುವೆ ಹಗ್ಗ ಜೋಲು ಬೀಳದಂತೆ ಬಿಗಿಯಾಗಿರಬೇಕು. ಸಡಿಲ ಹಗ್ಗ ಬೀಳುವವನನ್ನು ಹಿಡಿಯುವ ಬದಲು ಎಲ್ಲರನ್ನೂ ಎಳೆಯುತ್ತದೆ ಎಂಬುದು ಅವನ ಬೋಧೆಯ ಸಾರ.

1879ರ ಕೊನೆಗೆ ದಕ್ಷಿಣ ಅಮೆರಿಕದ ಎಕ್ವಡಾರಿಗೆ ಹೋದದ್ದು ಎತ್ತರದಲ್ಲಿ ಮನುಷ್ಯನಿಗೆ ಏನಾಗುತ್ತದೆಂದು ತಿಳಿಯಲು. ಜತೆಗೆ ಕರೆದುಕೊಂಡು ಹೋದದ್ದು ಹಳೆಯ ಎದುರಾಳಿ ಕರೆಲನನ್ನೇ. ಗಾಜಿನ ಪಾದರಸದ ವಾಯುಭಾರಮಾಪಕಗಳನ್ನು ಮಗುವಿನಂತೆ ಜೋಪಾನವಾಗಿ ಹೊತ್ತೊಯ್ದರು. ಚಿಂಬೊರಾಜೋ ಪರ್ವತದ ಮೇಲಿನ ಬಿಡಾರದಲ್ಲಿ ವಿಂಪರನಿಗೂ ಕರೆಲನಿಗೂ ತಲೆನೋವು, ಜ್ವರ, ಉಸಿರಾಟದ ಕಷ್ಟ. ಅವರು ಮುಂದೆ ನುಗ್ಗದೆ ಕೆಲವು ದಿನ ಕಾದು, ಮೈ ಹೊಂದಿಕೊಂಡ ಮೇಲೆಯೇ ಏರಿ, 1880ರ ಜನವರಿ 4ರಂದು ಶಿಖರ ತಲಪಿದರು. ಎತ್ತರಕ್ಕೆ ನಿಧಾನವಾಗಿ ಏರಬೇಕು, ದೇಹಕ್ಕೆ ಸಮಯ ಕೊಡಬೇಕು ಎಂದು ಇಂದು ಪ್ರತಿಯೊಂದು ಶಿಬಿರದಲ್ಲಿಯೂ ಹೇಳಿಕೊಡುವ ಮಾತಿಗೆ ಇಂತಹ ಅನುಭವಗಳೇ ತಳಹದಿ.

ಕರೆಲನು 1890ರಲ್ಲಿ ಅದೇ ಮ್ಯಾಟರ್‌ಹಾರ್ನಿನಲ್ಲಿ ಬಿರುಗಾಳಿಗೆ ಸಿಕ್ಕಿ, ತನ್ನನ್ನು ನಂಬಿ ಬಂದವರನ್ನು ಸುರಕ್ಷಿತವಾಗಿ ಇಳಿಸಿದ ಬಳಿಕ ಆಯಾಸದಿಂದ ಪ್ರಾಣಬಿಟ್ಟ. ವಿಂಪರನ ಕೊನೆಯ ದಿನಗಳು ಒಂಟಿತನದವು. ತಡವಾಗಿ ಆದ ಮದುವೆ ಬಾಳಲಿಲ್ಲ. 1911ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಷಮೊನಿಯ ಹೋಟೇಲೊಂದರಲ್ಲಿ ಅವನು ತೀರಿಕೊಂಡ. ಅಲ್ಲಿಯೇ ಅವನ ಸಮಾಧಿಯಿದೆ.

ಇಂದು ಸೆಣಬಿನ ಜಾಗದಲ್ಲಿ ನೈಲಾನ್ ಬಂದಿದೆ. ಸಾಮಾನು ಹಗುರವಾಗಿದೆ, ಗಟ್ಟಿಯಾಗಿದೆ. ರಾಣಿಪುರಕ್ಕೋ ಕುಮಾರಪರ್ವತಕ್ಕೋ ಹೊರಡುವ ನಮ್ಮ ಮಕ್ಕಳಿಗೆ ಹಗ್ಗವೇ ಬೇಕಾಗದಿರಬಹುದು. ಆದರೆ ಜತೆಗಾರರಲ್ಲಿ ಅನುಭವವಿಲ್ಲದವನು ಯಾರು, ಚಪ್ಪಲಿಯ ಅಡಿ ಸವೆದವನು ಯಾರು, ಮಳೆ ಬಂದರೆ ಇಳಿಯುವ ದಾರಿ ಯಾವುದು ಎಂದು ಹೊರಡುವ ಮೊದಲೇ ಕೇಳಿಕೊಳ್ಳುವುದು ಎಲ್ಲರಿಗೂ ಬೇಕು. ಏರುವಾಗ ಇರುವ ಎಚ್ಚರ ಇಳಿಯುವಾಗ ಇರುವುದಿಲ್ಲ. ಗೆದ್ದವನ ಕಾಲೇ ಬೇಗ ಜಾರುತ್ತದೆ. ನಾಲ್ಕು ಜೀವಗಳನ್ನು ತೆತ್ತು ವಿಂಪರನು ಕಲಿತ ಈ ಪಾಠವನ್ನು ನಮ್ಮ ಮನೆಗಳಲ್ಲಿ ಏನೂ ತೆರದೆ ಕಲಿಯಬಹುದು. ಬಾವಿಯ ಹಗ್ಗವನ್ನು ದಿನವೂ ನೋಡುವ ಕಣ್ಣಿದ್ದರೆ ಸಾಕು.