ಮೊಮ್ಮಗನ ಪಾಠಕ್ಕೆ ಆಯ್ಲರ್ ಮಾಡಿಕೊಂಡ ಸಿದ್ಧತೆ

ಬೋಧನಾಭ್ಯಾಸದ ಎರಡನೇ ವಾರ, ಎಂಟನೇ ತರಗತಿಗೆ ಘನಮೂಲದ ಪಾಠ. ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ನಾಲ್ಕು ಲೆಕ್ಕಗಳನ್ನು ಮಕ್ಕಳು ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಸಿಬಿಟ್ಟರು. ಗಂಟೆ ಹೊಡೆಯಲು ಇನ್ನೂ ಹನ್ನೆರಡು ನಿಮಿಷವಿತ್ತು. ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದ ಸಹಪಾಠಿಯನ್ನು ನೋಡಿ ನನಗೆ ಗಾಬರಿಯಾಯಿತು. ಸಾವಿರದ ಏಳುನೂರ ಇಪ್ಪತ್ತೆಂಟರ ಘನಮೂಲ ಕಂಡುಹಿಡಿಯಿರಿ ಎಂದು ಬಾಯಲ್ಲಿ ಹೇಳಿದೆ. ಹಲಗೆಯ ಮೇಲೆ ಬರೆದದ್ದು ಮಾತ್ರ 1782.

ಮಕ್ಕಳು ಅವಿಭಾಜ್ಯ ಅಪವರ್ತನಕ್ಕೆ ತೊಡಗಿದರು. ಎರಡರಿಂದ ಒಮ್ಮೆ ಭಾಗವಾಯಿತು, ಮೂರರಿಂದ ನಾಲ್ಕು ಸಲ ಭಾಗವಾಯಿತು, ಕೊನೆಗೆ ಹನ್ನೊಂದು ಉಳಿಯಿತು. ಎಲ್ಲವೂ ಮೂರು ಮೂರರ ಗುಂಪಾಗಿ ಕೂಡಲಿಲ್ಲ. ಒಬ್ಬೊಬ್ಬರೇ ಅಳಿಸಿ ಮತ್ತೆ ಶುರುಮಾಡಿದರು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಹನ್ನೆರಡು ಎಂದ. ಅವನಿಗೆ ದೃಷ್ಟಿ ತೀರಾ ಮಂದ. ಹಲಗೆಯ ಬರಹ ಕಾಣುವುದಿಲ್ಲ, ಪಕ್ಕದವನ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನಕಲು ಮಾಡಿಕೊಳ್ಳುತ್ತಾನೆ. ಊಹೆ ಮಾಡಿ ಉತ್ತರ ಹೇಳಬಾರದು ಎಂದು ಅವನನ್ನು ಕೂರಿಸಿದೆ. ಇಬ್ಬರು ಮೂವರು ನಕ್ಕರು. ಗಂಟೆ ಹೊಡೆಯಿತು.

ರಾತ್ರಿ ಸ್ವಮೌಲ್ಯಮಾಪನ ಬರೆಯಲು ಕುಳಿತಾಗ ತಪ್ಪು ಸಿಕ್ಕಿತು. ಇಡೀ ತರಗತಿಯಲ್ಲಿ ನನ್ನ ಮಾತನ್ನು ಕಿವಿಯಿಂದ ಕೇಳಿ ಲೆಕ್ಕ ಮಾಡಿದವನು ಅವನೊಬ್ಬನೇ. ಕೊನೆಯ ಅಂಕಿ 8 ಆದ್ದರಿಂದ ಮೂಲದ ಬಿಡಿಸ್ಥಾನ 2, ಸಾವಿರದ ಸ್ಥಾನದಲ್ಲಿ 1 ಇರುವುದರಿಂದ ಹತ್ತರ ಸ್ಥಾನ 1. ಉತ್ತರ ಹನ್ನೆರಡೇ. ನಾನು ಸರಿಯುತ್ತರ ಹೇಳಿದವನನ್ನು ಎಲ್ಲರೆದುರು ಕೂರಿಸಿದ್ದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಗಣಿತ ಬೋಧನಾಶಾಸ್ತ್ರದ ನಮ್ಮ ಉಪನ್ಯಾಸಕರ ಬಳಿ ಇದನ್ನು ಹೇಳಿಕೊಂಡೆ. ಅವರು ಬೈಯಲಿಲ್ಲ. ಆಯ್ಲರ್ ತಮ್ಮ ಮೊಮ್ಮಗನಿಗೆ ಮೂಲ ತೆಗೆಯುವುದನ್ನು ಕಲಿಸಲು ಏನು ಮಾಡಿಕೊಂಡರು ಎಂದು ಓದಿಕೊಂಡು ಬಾ ಎಂದಷ್ಟೇ ಹೇಳಿ ಹೋದರು.

ಬಿ.ಎಸ್ಸಿ.ಯ ಮೂರು ವರ್ಷಗಳಲ್ಲಿ ಲಿಯೊನಾರ್ಡ್ ಆಯ್ಲರ್ ಹೆಸರು ಬಾರದ ಸೆಮಿಸ್ಟರ್ ನನಗೆ ನೆನಪಿಲ್ಲ. ಸಮಘಾತೀಯ ಫಲನಗಳ ಪ್ರಮೇಯ ಅವರದು, ಟೋಷಂಟ್ ಫಲನ ಅವರದು. ಎಂಟನೇ ತರಗತಿಯಲ್ಲಿ ನಾವು ಕಲಿಸುವ, ಘನಾಕೃತಿಯ ಮುಖ, ಶೃಂಗ, ಅಂಚುಗಳ ಸೂತ್ರವೂ ಅವರದೇ. ಫಲನಕ್ಕೆ ನಾವು ಹಾಕುವ ಗುರುತು, ಮೊತ್ತಕ್ಕೆ ಬಳಸುವ ಸಿಗ್ಮಾ ಅವರಿಂದ ಬಂದವು. ಪೈ ಎಂಬ ಗುರುತು ಎಲ್ಲೆಡೆ ನೆಲೆಯೂರಿದ್ದೂ ಅವರ ಪುಸ್ತಕಗಳಿಂದ. ಇಷ್ಟೆಲ್ಲ ಬರೆದವರಿಗೆ ಒಂದು ಮನೆಯಿತ್ತು, ಮನೆ ತುಂಬ ಮಕ್ಕಳಿದ್ದರು ಎಂದು ಮಾತ್ರ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವರು ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ಬೆಳೆದದ್ದು ಪಕ್ಕದ ರೀಹೆನ್ ಎಂಬ ಹಳ್ಳಿಯಲ್ಲಿ. ತಂದೆ ಪೌಲ್ ಅಲ್ಲಿ ಪಾದ್ರಿ. ತಾಯಿಯೂ ಪಾದ್ರಿಯ ಮಗಳೇ. ತಂದೆ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಯಾಕೋಬ್ ಬರ್ನೌಲಿಯ ಗಣಿತ ಪಾಠ ಕೇಳಿದ್ದವರು. ಮಗನಿಗೆ ಮೊದಲ ಗಣಿತ ಹೇಳಿಕೊಟ್ಟದ್ದು ಅವರೇ. ಆದರೆ ಮಗನೂ ಪಾದ್ರಿಯಾಗಬೇಕೆಂಬುದು ಅವರ ಆಸೆ. ಹದಿಮೂರನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿದ ಹುಡುಗ ಶನಿವಾರದ ಮಧ್ಯಾಹ್ನಗಳಲ್ಲಿ ಯೊಹಾನ್ ಬರ್ನೌಲಿಯ ಮನೆಗೆ ಹೋಗಿ, ತಾನೇ ಓದಿಕೊಂಡ ಪುಸ್ತಕಗಳಲ್ಲಿ ಅರ್ಥವಾಗದ್ದನ್ನು ಕೇಳಿಕೊಂಡು ಬರುತ್ತಿದ್ದ. ಕೇಳಬೇಕಾದ ಪ್ರಶ್ನೆಗಳು ಕಡಿಮೆ ಇರಲಿ ಎಂದು ವಾರವಿಡೀ ಕಷ್ಟಪಟ್ಟು ಓದುತ್ತಿದ್ದನಂತೆ. ಕೊನೆಗೆ ಬರ್ನೌಲಿಯೇ ತಂದೆಯ ಮನವೊಲಿಸಿದರು. ಧರ್ಮಶಾಸ್ತ್ರದ ಓದು ಅಲ್ಲಿಗೆ ನಿಂತಿತು. ಅಪ್ಪನಿಂದ ಬಂದ ನಂಬಿಕೆ ನಿಲ್ಲಲಿಲ್ಲ.

1727ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಗೆ ಹೋದರು. 1734ರ ಜನವರಿಯಲ್ಲಿ ಚಿತ್ರಕಾರ ಗ್ಸೆಲ್ ಅವರ ಮಗಳು ಕ್ಯಾಥರೀನಾಳನ್ನು ಮದುವೆಯಾದರು. ಹದಿಮೂರು ಮಕ್ಕಳು ಹುಟ್ಟಿದವು, ಬಾಲ್ಯ ದಾಟಿ ಉಳಿದವು ಐದೇ. ಗಣಿತದ ಚರಿತ್ರೆಯ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನನಗೆ ಹಾಗೆ ಹೋಗಲು ಆಗಲಿಲ್ಲ. ಪ್ರಬಂಧಗಳ ಪಟ್ಟಿಯ ವರ್ಷಗಳನ್ನು ನೋಡುವಾಗ, ಈ ವರ್ಷಗಳ ನಡುವೆಯೇ ಎಂಟು ಸಲ ಆ ಮನೆಯಿಂದ ಪುಟ್ಟ ಶವಪೆಟ್ಟಿಗೆ ಹೊರಗೆ ಹೋಗಿದೆ ಎಂಬುದು ಮನಸ್ಸಿನಿಂದ ಹೋಗುವುದಿಲ್ಲ. ಈ ನಡುವೆಯೇ, 1738ರ ಹೊತ್ತಿಗೆ, ಅವರ ಬಲಗಣ್ಣು ಹೋಯಿತು. ಅದೇ ವರ್ಷ ಭಾರತೀಯರ ಸೌರವರ್ಷದ ಲೆಕ್ಕವನ್ನು ಕುರಿತು ಅವರ ಒಂದು ಚಿಕ್ಕ ಬರಹ ಬೇರೊಬ್ಬರ ಪುಸ್ತಕದ ಅನುಬಂಧವಾಗಿ ಅಚ್ಚಾಯಿತು. ನಮ್ಮ ಪಂಚಾಂಗದ ಗಣಿತ ಅಷ್ಟು ದೂರ ಹೋಗಿ ಅವರ ಮೇಜನ್ನು ಮುಟ್ಟಿತ್ತು ಎಂಬುದು ನನಗೆ ಈ ಓದಿನಲ್ಲಿ ಸಿಕ್ಕ ಅನಿರೀಕ್ಷಿತ ಸಂತೋಷ.

1741ರಿಂದ ಇಪ್ಪತ್ತೈದು ವರ್ಷ ಬರ್ಲಿನ್. ಮೊಣಕಾಲ ಮೇಲೊಂದು ಮಗು, ಬೆನ್ನ ಮೇಲೊಂದು ಬೆಕ್ಕು, ಹಾಗೆಯೇ ಕುಳಿತು ಆಯ್ಲರ್ ಬರೆಯುತ್ತಿದ್ದರು ಎಂದು ಅಲ್ಲಿ ಅವರನ್ನು ಕಂಡವರೊಬ್ಬರು ದಾಖಲಿಸಿದ್ದಾರೆ. ಮಕ್ಕಳೊಂದಿಗೆ ಸೂತ್ರದ ಗೊಂಬೆಯಾಟಕ್ಕೆ ಹೋಗಿ ಅವರಷ್ಟೇ ಜೋರಾಗಿ ನಗುತ್ತಿದ್ದರಂತೆ. ಸಂಜೆ ಮನೆಯವರನ್ನೆಲ್ಲ ಕೂಡಿಸಿ ಬೈಬಲಿನ ಒಂದು ಅಧ್ಯಾಯ ಓದುವುದು ನಿತ್ಯದ ಪದ್ಧತಿ. ಎರಡನೇ ಫ್ರೆಡರಿಕ್‌ನ ಆಸ್ಥಾನದಲ್ಲಿ ದೇವರ ನಂಬಿಕೆಯನ್ನು ಹಾಸ್ಯ ಮಾಡುವುದೇ ಜಾಣತನ ಎನಿಸಿಕೊಂಡಿದ್ದ ಕಾಲ ಅದು. ಮಾತಿನ ಚಮತ್ಕಾರ ಬಾರದ, ಒಕ್ಕಣ್ಣಿನ ಈ ಗಣಿತಜ್ಞನನ್ನು ದೊರೆಯೇ ಲೇವಡಿ ಮಾಡುತ್ತಿದ್ದ. ಆಯ್ಲರ್ 1747ರಲ್ಲಿ ತಮ್ಮ ನಂಬಿಕೆಯ ಪರವಾಗಿ ಒಂದು ಚಿಕ್ಕ ಪುಸ್ತಕ ಬರೆದರು. ಆಸ್ಥಾನದಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ಸಂಜೆಯ ಓದನ್ನು ತಪ್ಪಿಸದಿರುವುದೇ ಅವರ ರೀತಿಯಾಗಿತ್ತು ಎಂದು ನನಗೆ ತೋರುತ್ತದೆ. ತಂದೆ ತೀರಿಕೊಂಡ ಮೇಲೆ, 1750ರಲ್ಲಿ, ಫ್ರಾಂಕ್‌ಫರ್ಟ್‌ವರೆಗೆ ತಾವೇ ಹೋಗಿ ತಾಯಿಯನ್ನು ಕರೆತಂದರು. ಆಕೆ ಕೊನೆಯವರೆಗೆ, ಅಂದರೆ 1761ರವರೆಗೆ, ಮಗನ ಮನೆಯಲ್ಲೇ ಇದ್ದರು.

ಅವರು ತಪ್ಪೇ ಮಾಡದವರು ಎಂದು ಹೇಳಲಾರೆ. 1752ರಲ್ಲಿ ಅಕಾಡೆಮಿಯ ಅಧ್ಯಕ್ಷ ಮೊಪರ್ಟ್ಯುಯಿ ಪರವಾಗಿ ನಿಂತು ಕೋನಿಗ್ ಎಂಬ ವಿದ್ವಾಂಸರ ಮೇಲೆ ಖೋಟಾಪತ್ರದ ಆರೋಪ ಹೊರಿಸಿದ ರೀತಿ ನ್ಯಾಯವಾಗಿರಲಿಲ್ಲ. ಅದನ್ನು ಓದಿದಾಗ, ಯಾರನ್ನಾದರೂ ಅವಸರದಲ್ಲಿ ಕೂರಿಸಿದವಳು ನಾನೊಬ್ಬಳೇ ಅಲ್ಲ ಎನಿಸಿತು. ಸಮಾಧಾನವೇನೂ ಆಗಲಿಲ್ಲ.

1760ರಿಂದ 1762ರವರೆಗೆ ಅವರು ಒಬ್ಬ ಎಳೆಯ ರಾಜಕುಮಾರಿಗೆ ಪತ್ರಗಳ ಮೂಲಕ ವಿಜ್ಞಾನ ಕಲಿಸಿದರು. ಒಟ್ಟು 234 ಪತ್ರ. ಬೆಳಕು, ಶಬ್ದ, ಗುರುತ್ವ, ತರ್ಕ, ಎಲ್ಲವೂ ಅದರಲ್ಲಿವೆ, ಬೀಜಗಣಿತದ ಹೊರೆ ಇಲ್ಲ. ಸುಲಭದಿಂದ ಕಠಿಣಕ್ಕೆ, ತಿಳಿದದ್ದರಿಂದ ತಿಳಿಯದ್ದಕ್ಕೆ ಎಂದು ನಾವು ಬೋಧನಾ ಸೂತ್ರಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವಲ್ಲ, ಅವುಗಳನ್ನು ಬಳಸಿ ತೋರಿಸಿದ ಪುಸ್ತಕವದು.

1766ರಲ್ಲಿ ಎರಡನೇ ಕ್ಯಾಥರೀನ್ ಕರೆದದ್ದರಿಂದ ಮತ್ತೆ ಪೀಟರ್ಸ್‌ಬರ್ಗ್‌ಗೆ ಮರಳಿದರು. ಅಲ್ಲಿ ಎಡಗಣ್ಣಿಗೂ ಪೊರೆ ಬಂತು. ಆಗ ತೆಗೆದುಕೊಂಡ ಕೆಲಸ ಬೀಜಗಣಿತದ ಒಂದು ಪಠ್ಯಪುಸ್ತಕ. ಬರೆದುಕೊಳ್ಳಲು ಅವರು ಆರಿಸಿದ್ದು ಗಣಿತಜ್ಞನನ್ನಲ್ಲ, ದರ್ಜಿ ಕೆಲಸ ಕಲಿತಿದ್ದ, ಗಣಿತದ ಗಂಧವಿಲ್ಲದ ಒಬ್ಬ ಯುವಕನನ್ನು. ಆಯ್ಲರ್ ಹೇಳುತ್ತಾ ಹೋದರು, ಅವನು ಬರೆಯುತ್ತಾ ಹೋದ. ಪುಸ್ತಕ ಮುಗಿಯುವ ಹೊತ್ತಿಗೆ ಆ ಯುವಕ ಕಠಿಣ ಲೆಕ್ಕಗಳನ್ನೂ ತಾನೇ ಬಿಡಿಸಬಲ್ಲವನಾಗಿದ್ದ. ಪುಸ್ತಕ 1768ರಲ್ಲಿ ರಷ್ಯನ್ ಭಾಷೆಯಲ್ಲೂ 1770ರಲ್ಲಿ ಜರ್ಮನ್ ಭಾಷೆಯಲ್ಲೂ ಹೊರಬಂತು. ಇದನ್ನು ಓದಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಎದುರಿಗೆ ಕುಳಿತವನಿಗೆ ತಿಳಿಯಿತೇ ಎಂಬುದನ್ನು ಅವನ ಮುಖ ನೋಡಿ ತಿಳಿಯುವ ಅನುಕೂಲ ಆ ಗುರುವಿಗಿರಲಿಲ್ಲ. ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಲೇಬೇಕಿತ್ತು. ನಾನು ಹಲಗೆಯ ಕಡೆ ತಿರುಗಿ, ಇದು ಹೀಗೆ, ಅದು ಹಾಗೆ ಎಂದು ಬೆರಳು ತೋರಿಸಿದಂತೆ ಅಲ್ಲಿ ನಡೆಯುವಂತಿರಲಿಲ್ಲ.

1771 ಅವರಿಗೆ ಕೆಟ್ಟ ವರ್ಷ. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಸ್ವಲ್ಪ ದಿನ ಬೆಳಕು ಮರಳಿತು, ಆಮೇಲೆ ಸೋಂಕು ತಗಲಿ ಅದೂ ಹೋಯಿತು. ಅದೇ ವರ್ಷ ನಗರದ ಬೆಂಕಿಯಲ್ಲಿ ಮನೆ ಸುಟ್ಟಿತು. ಬಾಸೆಲ್ ಊರಿನವನೇ ಆದ ಗ್ರಿಮ್ ಎಂಬ ಕುಶಲಕರ್ಮಿ ಒಳನುಗ್ಗಿ ಕುರುಡ ಮುದುಕರನ್ನು ಹೊತ್ತು ತಂದ. 1773ರಲ್ಲಿ ಹೆಂಡತಿ ತೀರಿಕೊಂಡರು. ಮೂರು ವರ್ಷದ ನಂತರ ಆಕೆಯ ಮಲತಂಗಿಯನ್ನೇ ಆಯ್ಲರ್ ಮದುವೆಯಾದರು. ಮನೆ ಮತ್ತೆ ನಡೆಯತೊಡಗಿತು. ದೊಡ್ಡ ಮೇಜಿನ ಮೇಲೆ ಕಲ್ಲುಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರಗಳು. ಹಿರಿಮಗ ಯೊಹಾನ್ ಆಲ್‌ಬ್ರೆಕ್ಟ್ ಮತ್ತು ಶಿಷ್ಯರಾದ ಕ್ರಾಫ್ಟ್, ಲೆಕ್ಸೆಲ್, ಫುಸ್ ಬರೆದುಕೊಳ್ಳುವವರು. ಮೇಜಿನ ಅಂಚನ್ನು ಹಿಡಿದು ಸುತ್ತುವುದೇ ಅವರ ವ್ಯಾಯಾಮ. ಕೈ ಸವೆದು ಆ ಅಂಚು ನುಣುಪಾಗಿತ್ತಂತೆ. ಅವರ ಎಂಟುನೂರಕ್ಕೂ ಹೆಚ್ಚು ಬರಹಗಳಲ್ಲಿ ಸುಮಾರು ಅರ್ಧ ಪೀಟರ್ಸ್‌ಬರ್ಗ್‌ಗೆ ಮರಳಿದ ನಂತರದ ಈ ಹದಿನೇಳು ವರ್ಷಗಳವು.

ಉಪನ್ಯಾಸಕರು ಓದಲು ಹೇಳಿದ ಸಂಗತಿ ಈ ವರ್ಷಗಳದ್ದು. ಅದನ್ನು ದಾಖಲಿಸಿದವರು ಫ್ರಾನ್ಸಿನ ಕೊಂಡೊರ್ಸೆ. ಆಯ್ಲರ್‌ಗೆ ಮೊಮ್ಮಕ್ಕಳು ಒಟ್ಟು 38. ಅವರಲ್ಲೊಬ್ಬನಿಗೆ ಮೂಲ ತೆಗೆಯುವ ಅಭ್ಯಾಸ ಮಾಡಿಸಬೇಕಿತ್ತು. ಅದಕ್ಕೆ ಸರಿಯಾಗಿ ಬಿಡುವ ಸಂಖ್ಯೆಗಳು ಬೇಕು, ಎಲ್ಲಿಂದಲೋ ಒಂದು ಸಂಖ್ಯೆ ಎತ್ತಿಕೊಟ್ಟರೆ ಮಗು ಕಂಗೆಡುತ್ತದೆ. ಬರೆದಿಟ್ಟುಕೊಂಡು ನೋಡಲು ಅಜ್ಜನಿಗೆ ಕಣ್ಣಿಲ್ಲ. ಆದ್ದರಿಂದ ಒಂದರಿಂದ ನೂರರವರೆಗಿನ ಸಂಖ್ಯೆಗಳ ಮೊದಲ ಆರು ಘಾತಗಳನ್ನು ಮನಸ್ಸಿನಲ್ಲೇ ಲೆಕ್ಕ ಮಾಡಿ ನೆನಪಿನಲ್ಲಿಟ್ಟುಕೊಂಡರು. 99ರ ಆರನೇ ಘಾತವೊಂದೇ ಹನ್ನೆರಡು ಅಂಕಿಯದು. ಇಂಥ ಐನೂರು ಸಂಖ್ಯೆಗಳು, ಒಂದು ಮಗುವಿನ ಪಾಠಕ್ಕೆ. ಆಯ್ಲರ್ ಅವರ ನೆನಪಿನ ಶಕ್ತಿಗೆ ಈ ಪ್ರಸಂಗವನ್ನು ಉದಾಹರಣೆ ಕೊಡುವುದು ರೂಢಿ. ನನಗೆ ಇದು ಪಾಠಯೋಜನೆಯ ಉದಾಹರಣೆಯಾಗಿ ಕಾಣಿಸಿತು.

ಮಾರನೆಯ ಗಣಿತದ ಅವಧಿಯಲ್ಲಿ ಹಲಗೆಯ ಮೇಲೆ 1728, 1782 ಎರಡನ್ನೂ ಬರೆದು, ಬರೆದದ್ದನ್ನು ಓದಿ ಹೇಳಿ, ತಪ್ಪು ಯಾರದೆಂದು ತರಗತಿಗೆ ತಿಳಿಸಿದೆ. ಹನ್ನೆರಡು ಎಂದ ಹುಡುಗನನ್ನು ಎದ್ದು ನಿಲ್ಲಿಸಿ ಅವನು ಮಾಡಿದ ಕ್ರಮವನ್ನು ಹೇಳಲು ಕೇಳಿದೆ. ಹೇಳಿದ. ಕೂರುವಾಗ ಅವನು ನನ್ನಲ್ಲಿ ಕೇಳಿದ್ದು ಒಂದೇ: ದಿನಾ ಹೀಗೆಯೇ ಓದಿ ಹೇಳುತ್ತಾ ಬರೆಯುತ್ತೀರಾ ಮಿಸ್ ಎಂದು. ಉಳಿದ ಪಾಠಗಳಲ್ಲಿ ಎರಡು ಸಲ ಮರೆತೆ. ಎರಡೂ ಸಲ ಅವನೇ ನೆನಪಿಸಿದ.

ಆಯ್ಲರ್ ಅವರ ಕೊನೆಯ ದಿನ 1783ರ ಸೆಪ್ಟೆಂಬರ್ 18. ಅಂದು ಬೆಳಿಗ್ಗೆ ಎಂದಿನಂತೆ ಮೊಮ್ಮಗುವಿಗೆ ಗಣಿತ ಪಾಠ ಮಾಡಿದರು. ಫ್ರಾನ್ಸಿನಲ್ಲಿ ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಬಿಸಿಗಾಳಿ ಬಲೂನು ಹಾರಿತ್ತು. ಅದು ಮೇಲೇರುವ ಚಲನೆಯನ್ನು ಹಲಗೆಯ ಮೇಲೆ ಲೆಕ್ಕ ಮಾಡಿದರು. ಲೆಕ್ಸೆಲ್ ಮತ್ತು ಫುಸ್ ಜೊತೆ, ಎರಡು ವರ್ಷದ ಹಿಂದೆ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯ ಮಾತಾಡಿದರು. ಸಂಜೆ ಚಹಾ ಕುಡಿಯುತ್ತಾ ಮೊಮ್ಮಗುವಿನೊಂದಿಗೆ ಆಡುತ್ತಿದ್ದಾಗ ಮೆದುಳಿನಲ್ಲಿ ರಕ್ತಸ್ರಾವವಾಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ತೀರಿಕೊಂಡರು. ಬಲೂನಿನ ಲೆಕ್ಕವನ್ನು ಮನೆಯವರು ಅಳಿಸಲಿಲ್ಲ. ಹಲಗೆಯ ಮೇಲೆ ಸಿಕ್ಕಿದ ಹಾಗೆಯೇ ಅದು ಪ್ಯಾರಿಸ್ ಅಕಾಡೆಮಿಯ ಸಂಪುಟದಲ್ಲಿ ಅಚ್ಚಾಯಿತು.