ಬಿಟ್ಟುಕೊಟ್ಟು ಗೆದ್ದ ಜಾನ್ ಮಾರ್ಷಲ್

ಸಂಸತ್ತು ಮಾಡಿದ ಕಾನೂನನ್ನು ಕೋರ್ಟ್ ರದ್ದು ಮಾಡ್ತು ಅಂತ ನಾವು ಆಗಾಗ ಓದ್ತೀವಿ. ಅಮೆರಿಕದಲ್ಲಿ ಈ ಅಧಿಕಾರಕ್ಕೆ ಗಟ್ಟಿ ಬುನಾದಿ ಹಾಕಿದವರು ಜಾನ್ ಮಾರ್ಷಲ್. 1755ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿ, ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ, 1801ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು.

1803ರಲ್ಲಿ ಇಕ್ಕಟ್ಟು ಬಂತು. ಹಿಂದಿನ ಸರ್ಕಾರದ ನೇಮಕಾತಿ ಪತ್ರ ಕೈಗೆ ಸಿಗಲಿಲ್ಲ ಅಂತ ವಿಲಿಯಂ ಮಾರ್ಬರಿ ಕೋರ್ಟಿಗೆ ಬಂದ. ಆ ಪತ್ರಕ್ಕೆ ಮೊಹರು ಹಾಕಿದ್ದೂ ಮಾರ್ಷಲ್ಲೇ! ಕೊಡಿ ಅಂದರೆ ಅಧ್ಯಕ್ಷ ಜೆಫರ್ಸನ್ ಕಡೆಯವರು ಕೇಳೋದು ಅನುಮಾನ. ಸುಮ್ಮನಿದ್ದರೆ ಕೋರ್ಟು ಹೆದರಿದ ಹಾಗೆ. ಮಾರ್ಬರಿಗೆ ಹಕ್ಕಿದೆ, ಆದರೆ ಆದೇಶ ಕೊಡೋಕೆ ಕೋರ್ಟಿಗೆ ಅಧಿಕಾರ ಕೊಟ್ಟ 1789ರ ಕಲಮೇ ಸಂವಿಧಾನಕ್ಕೆ ವಿರುದ್ಧ ಅಂತ ಮಾರ್ಷಲ್ ತೀರ್ಪಿತ್ತರು. ಸಣ್ಣ ಅಧಿಕಾರ ಬಿಟ್ಟು ದೊಡ್ಡದನ್ನು ಉಳಿಸಿಕೊಂಡರು.

1835ರಲ್ಲಿ ತೀರಿಕೊಳ್ಳೋವರೆಗೂ ಅದೇ ಕುರ್ಚಿಯಲ್ಲಿದ್ದರೂ ಸಂಸತ್ತಿನ ಇನ್ನೊಂದು ಕಾನೂನನ್ನು ಅವರ ಕೋರ್ಟು ರದ್ದು ಮಾಡಲಿಲ್ಲ. ಜನ ಆರಿಸದ ನ್ಯಾಯಾಧೀಶರಿಗೆ ಇಷ್ಟು ಅಧಿಕಾರ ಸರೀನಾ ಅನ್ನೋ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಕೈಯಲ್ಲಿ ಕತ್ತಿ ಇದ್ದೂ ಬೀಸದ ಮಾರ್ಷಲ್ ನಮಗೆ ಹಿಡಿಸೋದು ಅದಕ್ಕೇ.