ಎರವಲು ಗ್ಲೌಸಿನ ಬುಧಿ ಕುಂದರನ್

ನಾವು ಓದುವಾಗ ಶಾಲಾ ಮೈದಾನದಲ್ಲಿ ತೆಂಗಿನ ಮಟ್ಟೆಯೇ ಬ್ಯಾಟು, ಜೋಡಿಸಿಟ್ಟ ಕಲ್ಲುಗಳೇ ವಿಕೆಟ್ಟು. ಬರಿಗೈಯಲ್ಲಿ ವಿಕೆಟ್ ಕೀಪಿಂಗ್ ಮಾಡುವ ಕೆಲಸ ಯಾವಾಗಲೂ ನನ್ನದು. ಈ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಕೇಳಿದಾಗ ನನಗೆ ನೆನಪಾದವರು ನಮ್ಮ ನಾಡಿನ ವಿಕೆಟ್ ಕೀಪರ್ ಬುಧಿಸಾಗರ್ ಕೃಷ್ಣಪ್ಪ ಕುಂದರನ್.

ಅವರು ಹುಟ್ಟಿದ್ದು ಕರಾವಳಿಯ ಮೂಲ್ಕಿಯಲ್ಲಿ, 1939ರ ಅಕ್ಟೋಬರ್ 2ರಂದು. ಬೆಳೆದದ್ದು ಮುಂಬಯಿಯಲ್ಲಿ, ಬಡ ಕುಟುಂಬದಲ್ಲಿ. ಒಂದೇ ಕೋಣೆಯ ಮನೆ, ತುಂಬಾ ಜನ. 1960ರ ಜನವರಿ 1ರಂದು ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯ ವಿರುದ್ಧ ಅವರ ಮೊದಲ ಟೆಸ್ಟ್. ಹಿಂದಿನ ರಾತ್ರಿ ಮನೆಯಲ್ಲಿ ಜಾಗವಿಲ್ಲದೆ ಉದ್ಯಾನದಲ್ಲಿ ಮಲಗಿದ್ದರಂತೆ. ಕೈಗೆ ಹಾಕಿಕೊಂಡ ಗ್ಲೌಸ್ ಕೂಡ ಸ್ವಂತದ್ದಲ್ಲ. ಯಾರ ಜಾಗಕ್ಕೆ ಬಂದಿದ್ದರೋ ಆ ನರೇನ್ ತಮ್ಹಾಣೆ ಅವರದೇ ಗ್ಲೌಸ್! ಆಗ ಅವರಿಗೆ 20 ವರ್ಷ. ಅಲ್ಲಿಯವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ.

ಮುಂದಿನ ಮದರಾಸು ಟೆಸ್ಟಿನಲ್ಲಿ 71 ರನ್ ಹೊಡೆದರು. ಆಮೇಲೆ ರೈಲ್ವೇಸ್ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ದ್ವಿಶತಕ. ಮುಂದೆ ನಮ್ಮ ಮೈಸೂರು ರಾಜ್ಯದ ತಂಡಕ್ಕೂ ಆಡಿದರು.

1964ರ ಜನವರಿ ಅವರ ಬದುಕಿನ ದೊಡ್ಡ ತಿಂಗಳು. ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಆರಂಭಿಕ ಆಟಗಾರನಾಗಿ ಇಳಿದು ಮೊದಲ ದಿನವೇ 170 ರನ್ ಗಳಿಸಿ ಔಟಾಗದೆ ಉಳಿದರು. ಒಟ್ಟು 192. ಟೆಸ್ಟಿನಲ್ಲಿ ಭಾರತದ ಕೀಪರ್ ಒಬ್ಬರ ಈ ದಾಖಲೆಯನ್ನು ಮುರಿಯಲು 2013ರಲ್ಲಿ ಧೋನಿಯೇ ಬರಬೇಕಾಯಿತು. ದೆಹಲಿಯಲ್ಲಿ ಇನ್ನೊಂದು ಶತಕ ಬಂತು. ಐದು ಟೆಸ್ಟುಗಳ ಆ ಸರಣಿಯಲ್ಲಿ 525 ರನ್, ಎರಡೂ ತಂಡಗಳಲ್ಲಿ ಅವರದೇ ಹೆಚ್ಚು.

ಇಷ್ಟಾದರೂ ಅದೇ ವರ್ಷ ಆಸ್ಟ್ರೇಲಿಯ ತಂಡ ಬಂದಾಗ ಮೂರು ಟೆಸ್ಟುಗಳಲ್ಲೂ ಕೀಪಿಂಗ್ ಮಾಡಿದವರು ಇಂದ್ರಜಿತ್‌ಸಿನ್ಹಜಿ. ಕುಂದರನ್ ಹೊರಗೆ. ಫಾರೂಕ್ ಇಂಜಿನಿಯರ್ ಜೊತೆಗಿನ ಪೈಪೋಟಿಯಂತೂ ಮೊದಲಿನಿಂದಲೂ ಇತ್ತು.

ಆದರೂ ಅವರು ಆಟ ಬಿಡಲಿಲ್ಲ. ಮತ್ತೆ ಕರೆ ಬಂದಾಗ ವೆಸ್ಟ್ ಇಂಡೀಸ್ ವಿರುದ್ಧ ಮುಂಬಯಿಯಲ್ಲಿ 79 ಹೊಡೆದರು. 1967ರ ಲಾರ್ಡ್ಸ್ ಟೆಸ್ಟಿನ ಎರಡನೇ ಇನಿಂಗ್ಸಿನಲ್ಲಿ ಭಾರತ 110ಕ್ಕೆ ಕುಸಿದಾಗ ಅದರಲ್ಲಿ 47 ಅವರದು. ಕೊನೆಯ ಟೆಸ್ಟ್ ಬರ್ಮಿಂಗ್‌ಹ್ಯಾಮಿನಲ್ಲಿ. ಪ್ರಸನ್ನ, ಚಂದ್ರಶೇಖರ್ ಸೇರಿ ನಾಲ್ವರು ಸ್ಪಿನ್ನರುಗಳಿದ್ದ ತಂಡದಲ್ಲಿ ಹೊಸ ಚೆಂಡು ಹಿಡಿಯುವವರು ಸಾಲದೆ, ಈ ಕೀಪರನೇ ಮೈಸೂರಿನ ವಿ. ಸುಬ್ರಹ್ಮಣ್ಯ ಜೊತೆ ಬೌಲಿಂಗ್ ಆರಂಭಿಸಿದರು! ತಂಡಕ್ಕೆ ಬೇಕಾದ ಕೆಲಸ ಎಂದರೆ ಅವರಿಗೆ ಸಣ್ಣದು ದೊಡ್ಡದು ಎಂಬುದಿರಲಿಲ್ಲ.

18 ಟೆಸ್ಟು, 981 ರನ್ನುಗಳಿಗೆ ಆ ಲೆಕ್ಕ ಮುಗಿಯಿತು. ಅವರ ಆಟ ಮುಗಿಯಲಿಲ್ಲ. ಸ್ಕಾಟ್ಲೆಂಡಿಗೆ ಹೋಗಿ ಡ್ರಂಪೆಲಿಯರ್ ಕ್ಲಬ್ಬಿನ ವೃತ್ತಿಪರ ಆಟಗಾರರಾದರು. ನಲವತ್ತು ದಾಟಿದ ಮೇಲೆ ಸ್ಕಾಟ್ಲೆಂಡ್ ತಂಡದ ಪರವಾಗಿಯೂ ಆಡಿದರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ತೀರಿಕೊಂಡರು.

ಬಿ.ಇ. ಮುಗಿಸಿದ ವರ್ಷ ನಾನು ಮೂರು ಕಡೆ ಸಂದರ್ಶನದ ಕೊನೆಯ ಸುತ್ತಿನವರೆಗೂ ಹೋಗಿದ್ದೆ. ಮೂರೂ ಕಡೆ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ದೊಡ್ಡಬಳ್ಳಾಪುರ ಬಸ್ ನಿಲ್ದಾಣದಲ್ಲಿ ಕತ್ತಲಾಗುವವರೆಗೂ ಕೂತಿದ್ದೆ. ಕುಂದರನ್ ಕತೆ ನನಗೆ ಆಗಲೇ ಗೊತ್ತಿದ್ದರೆ ಸ್ವಲ್ಪ ಬೇಗ ಎದ್ದು ಮನೆಗೆ ಹೋಗುತ್ತಿದ್ದೆನೇನೋ.

ಪಟ್ಟಿ ಬರೆಯುವುದು ಬೇರೆಯವರ ಕೈಯಲ್ಲಿರುತ್ತದೆ. ಮತ್ತೆ ಕರೆದ ದಿನ ಸಿದ್ಧರಾಗಿರುವುದು ನಮ್ಮ ಕೈಯಲ್ಲಿದೆ. ನಮ್ಮ ಶಾಲೆಯ ಮಕ್ಕಳಲ್ಲಿ ಯಾರಿಗಾದರೂ ಗ್ಲೌಸ್ ಇಲ್ಲದಿದ್ದರೆ ಎರವಲು ಪಡೆಯಲು ನಾಚಿಕೆಪಡಬೇಡಿ. ಕೊಡುವ ಕೆಲಸ ಹಳೆಯ ವಿದ್ಯಾರ್ಥಿಗಳಾದ ನಮ್ಮದಾಗಲಿ.